ನೂರು ಅಂತ ಬರೆದಿರೋ ಫಿಲ್ಟರ್ ಹಾಕಿದ್ರೂ ತಿನ್ನರ್ ವಾಸನೆ ಬರ್ತಿದೆ, ಮಾಲು ಡೂಪ್ಲಿಕೇಟಾ?

ಹೊಸ_ಸೇಫ್ಟಿ
ಎಲ್ರಿಗೂ ನಮಸ್ಕಾರ. ಫ್ಯಾಬ್ರಿಕೇಶನ್ ಶೆಡ್ಡಲ್ಲಿ ಸೂಪರ್‌ವೈಸರ್ ನಾನು. ಎರಡು ತಿಂಗಳ ಹಿಂದೆ "ಸೇಫ್ಟೀನೂ ನೀನೇ ನೋಡ್ಕೋ" ಅಂತ ಕೊರಳಿಗೆ ಕಟ್ಟಿದ್ರು. ನಮ್ಮಲ್ಲಿ ಕೆಲಸ ನಾಲ್ಕು ಥರ. ಜಿಐ (ಸತು ಲೇಪಿಸಿದ ಕಬ್ಬಿಣ) ಪೈಪ್ ವೆಲ್ಡಿಂಗ್, ಗ್ರೈಂಡಿಂಗ್, ಎರಡು ಡಬ್ಬಿ ಬೆರೆಸಿ ಹೊಡೆಯೋ ಪಿಯು (ಪಾಲಿಯುರೆಥೇನ್) ಪೇಂಟ್, ಆಮೇಲೆ ಆಗಾಗ ಟ್ಯಾಂಕಿನೊಳಗೆ ಇಳಿದು ತಿನ್ನರ್ ಹಾಕಿ ಒರೆಸೋದು. ಇಷ್ಟು ದಿನ ಎಲ್ರಿಗೂ ಒಂದೇ ಎನ್95 ಕೊಡ್ತಿದ್ವಿ. ಪೇಂಟರ್ "ವಾಸನೆಗೆ ತಲೆ ಸುತ್ತುತ್ತೆ" ಅಂದ. ಸರಿ ಅಂತ ಅರ್ಧ ಮುಖದ ರಬ್ಬರ್ ಮಾಸ್ಕ್ ತರಿಸಿ, ಅದಕ್ಕೆ ನೇರಳೆ ಬಣ್ಣದ ಪಿ100 ಬಿಲ್ಲೆ ಹಾಕಿಸಿದೆ. ಸ್ಟೋರಿನವ್ರು "ನೂರರ ಮೇಲೆ ಇನ್ನೇನೂ ಇಲ್ಲ ಸರ್" ಅಂದಿದ್ರು. ನಿನ್ನೆ ನಾನೇ ಹಾಕ್ಕೊಂಡು ಬೂತಲ್ಲಿ ನಿಂತೆ. ತಿನ್ನರ್ ವಾಸನೆ ನೇರ ಮೂಗಿಗೆ!

ಮಾಲು ಡೂಪ್ಲಿಕೇಟಾ, ಇಲ್ಲ ನಾನೇ ಎಲ್ಲೋ ಎಡವಿದ್ನಾ? ನಾಲ್ಕೂ ಕೆಲಸಕ್ಕೆ ಆಗೋ ಒಂದೇ ಫಿಲ್ಟರ್ ಇದ್ರೆ ಹೇಳಿ, ಸ್ಟಾಕ್ ಇಡೋಕೆ ಸುಲಭ.

ಗರಗಸ
ಮಾಲು ಸರಿಯಾಗೇ ಇದೆ. ಧೂಳಿಗೆ ಹಾಕೋದನ್ನ ಆವಿಗೆ ಹಾಕಿದ್ದೀರ.

ರಾತ್ರಿಪಾಳಿ
ಸೊಳ್ಳೆ ಪರದೆ ಕಟ್ಕೊಂಡು ಮಲಗಿ, ಮೋರಿ ವಾಸನೆ ಯಾಕೆ ಬರ್ತಿದೆ ಅಂತ ಕೇಳಿದಂಗಾಯ್ತು 😄

ಲ್ಯಾಬ್_ಮೇಡಂ
ನಗೋದು ಬಿಡಿ, ಈ ತಪ್ಪನ್ನ ಹತ್ರಲ್ಲಿ ಎಂಟು ಜನ ಮಾಡ್ತಾರೆ. 95, 99, 100 ಅನ್ನೋ ಅಂಕಿ ಗಾಳಿಯಲ್ಲಿ ತೇಲೋ ಕಣಗಳ ಲೆಕ್ಕ ಮಾತ್ರ. ಧೂಳು, ಹೊಗೆ, ಪೇಂಟಿನ ತುಂತುರು ಇವೆಲ್ಲ ಕಣ. ತಿನ್ನರ್ ಆವಿ ಕಣ ಅಲ್ಲ, ಬಿಡಿಬಿಡಿ ಅಣು. ಅದು ಪಿ100 ಒಳಗೂ ಗಾಳಿ ಜೊತೆ ಗಾಳಿಯಾಗೇ ಹೋಗುತ್ತೆ. ಅದನ್ನ ಹಿಡಿಯೋಕೆ ಸಕ್ರಿಯ ಇದ್ದಿಲು ತುಂಬಿದ ಕಾರ್ಟ್ರಿಡ್ಜ್ ಬೇಕು.

ಮುಂದಿರೋ ಅಕ್ಷರಾನೂ ನೋಡಿ. ಎನ್ ಅಂದ್ರೆ ಎಣ್ಣೆ ತಡೆಯಲ್ಲ. ಆರ್ ಅಂದ್ರೆ ಸ್ವಲ್ಪ ತಡೆಯುತ್ತೆ, ಎಣ್ಣೆ ಇರೋ ಕಡೆ ಒಂದು ಪಾಳಿ ಅಷ್ಟೆ. ಪಿ ಅಂದ್ರೆ ಎಣ್ಣೆಗೂ ಆಗುತ್ತೆ. ಕಟಿಂಗ್ ಆಯಿಲ್ ಮಂಜಿನ ಥರ ಹಾರೋ ಮೆಷಿನ್ ಪಕ್ಕ ಎನ್95 ಹಾಕೋದು ತಪ್ಪು, ಅದರ ನಾರಿನಲ್ಲಿರೋ ಸ್ಥಿರ ವಿದ್ಯುತ್ತನ್ನ ಎಣ್ಣೆ ಕೊಂದುಬಿಡುತ್ತೆ. ನಿಮ್ಮ ಒಣ ಗ್ರೈಂಡಿಂಗಿಗೆ ಎನ್95 ಸಾಕು.

ಸುಮ್ನೆ_ಓದ್ತೀನಿ
ಮೇಡಂ ಒಂದು ಡೌಟು. ಎನ್95 ಟೆಸ್ಟ್ ಮಾಡೋದು 0.3 ಮೈಕ್ರಾನಿಗೆ ಅಂತಾರೆ. ವೆಲ್ಡಿಂಗ್ ಹೊಗೆ ಅದಕ್ಕಿಂತ ಸಣ್ಣದು. ಹಾಗಾದ್ರೆ ಎಲ್ಲಾ ಒಳಗೆ ನುಗ್ಗುತ್ತಲ್ವಾ?

ಲ್ಯಾಬ್_ಮೇಡಂ
ಇಲ್ಲ, ಇಲ್ಲೇ ಎಲ್ರಿಗೂ ಗೊಂದಲ. ಮೇಲೆ ಸೊಳ್ಳೆ ಪರದೆ ಅಂದ್ರಲ್ಲ, ಆ ಹೋಲಿಕೆ ಇಲ್ಲಿ ಕೈ ಕೊಡುತ್ತೆ. ಫಿಲ್ಟರ್ ಜರಡಿ ಅಲ್ಲ. ದೊಡ್ಡ ಕಣ ವೇಗವಾಗಿ ಬಂದು ನಾರಿಗೆ ಬಡಿದು ಅಂಟಿಕೊಳ್ಳುತ್ತೆ. ತೀರಾ ಸಣ್ಣದು ಗಾಳಿಯ ಅಣುಗಳು ತಳ್ಳಿದ ಕಡೆಗೆಲ್ಲ ತೂರಾಡ್ತಾ ಹೋಗಿ ಯಾವುದಾದ್ರೂ ನಾರಿಗೆ ತಗಲುತ್ತೆ. ಎರಡಕ್ಕೂ ಸೇರದ ನಡುವಿನ ಗಾತ್ರ ಸುಮಾರು 0.3. ತಪ್ಪಿಸಿಕೊಳ್ಳೋದ್ರಲ್ಲಿ ಅದೇ ನಿಪುಣ. ಅದಕ್ಕೇ ಅದನ್ನಿಟ್ಟು ಪರೀಕ್ಷೆ ಮಾಡ್ತಾರೆ, ಅದೂ ನಿಮಿಷಕ್ಕೆ 85 ಲೀಟರ್ ಗಾಳಿ ಎಳೆದು. ಅದಕ್ಕಿಂತ ಚಿಕ್ಕದನ್ನೂ ಎನ್95 ಹಿಡಿಯುತ್ತೆ.

ಕಬ್ಬಿಣದ_ಕೈ
ಜಿಐ ಅಂದ್ರಲ್ಲ, ಅದರ ಬಗ್ಗೆ ನಾನು ಹೇಳ್ತೀನಿ. ಇಪ್ಪತ್ತೆರಡು ವರ್ಷ ವೆಲ್ಡಿಂಗ್ ಮಾಡಿದೀನಿ, ಮೊದಲ ಎಂಟು ವರ್ಷ ಮೂಗಿಗೆ ಕರ್ಚೀಫು. ಒಂದ್ಸಲ ಎರಡು ವಾರ ರಜೆ ಮುಗಿಸಿ ಬಂದು ಮುಚ್ಚಿದ ಶೆಡ್ಡಲ್ಲಿ ದಿನವಿಡೀ ಜಿಐ ಹೊಡೆದೆ. ಸಂಜೆ ಬಾಯಲ್ಲಿ ಹಳೇ ಕಾಸು ಚೀಪಿದ ರುಚಿ. ರಾತ್ರಿ ಒಂಬತ್ತಕ್ಕೆ ಚಳಿ ಶುರು, ಎರಡು ಕಂಬಳಿ ಹೊದ್ರೂ ಹಲ್ಲು ಕಟಕಟ. ಮಲೇರಿಯಾ ಅಂತ ರಕ್ತ ಕೊಟ್ಟು ಬಂದೆ, ಏನೂ ಸಿಗಲಿಲ್ಲ. ಮರುದಿನ ಸಂಜೆಗೆ ಜ್ವರ ತಾನೇ ಬಿಡ್ತು. ಸತುವಿನ ಹೊಗೆ ಜ್ವರ ಅದು. ದಿನಾ ಆ ಹೊಗೆ ಕುಡೀತಿದ್ರೆ ಮೈ ಸ್ವಲ್ಪ ಒಗ್ಗುತ್ತೆ, ರಜೆ ಮುಗಿಸಿ ಬಂದ ದಿನವೇ ಹೊಡೆಯೋದು. ಸೋಮವಾರದ ಜ್ವರ ಅಂತ್ಲೇ ಹೆಸರು.

ಕಣದ ಫಿಲ್ಟರ್ ಸಾಕು ಇದಕ್ಕೆ. ಎನ್95 ಆಗುತ್ತೆ, ನಾನು ಪಿ100 ಹಾಕ್ತೀನಿ, ಶೀಲ್ಡ್ ಕೆಳಗೆ ಕೂರೋ ಚಪ್ಪಟೆ ಬಿಲ್ಲೆ. ಸತು ಲೇಪನ ಮೊದ್ಲೇ ಉಜ್ಜಿ ತೆಗೆದು, ಹೊಗೆ ಎಳೆಯೋ ಪೈಪು ಪಕ್ಕದಲ್ಲಿಟ್ರೆ ಅರ್ಧ ತೊಂದ್ರೆ ಅಲ್ಲೇ ಮುಗೀತು. ಸತು ಒಂದೇ ಅಲ್ಲ ಸ್ವಾಮಿ, ವೆಲ್ಡಿಂಗ್ ಹೊಗೇನೇ ಕ್ಯಾನ್ಸರ್ ತರುತ್ತೆ ಅಂತ ಐಎಆರ್‌ಸಿ (ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ) 2017ರಲ್ಲಿ ಮೊದಲ ಗುಂಪಿಗೇ ಸೇರಿಸಿದೆ.

ಬಣ್ಣದ_ಗನ್
ಹೊಸ_ಸೇಫ್ಟಿ ಅವ್ರೇ, ಪೇಂಟರಿಗೆ ಹಳದಿ ಕಾರ್ಟ್ರಿಡ್ಜ್ ಕೊಡಿ. ಹಳದಿ ಅಂದ್ರೆ ಆರ್ಗ್ಯಾನಿಕ್ ಆವಿ (ತಿನ್ನರ್ ಥರದ್ದು), ಆಸಿಡ್ ಗ್ಯಾಸು ಎರಡೂ ಹಿಡಿಯುತ್ತೆ. ನಾನು ವರ್ಷಾನುಗಟ್ಟಲೆ ಅದೇ ಹಾಕ್ತಿರೋದು.

ಗೋದಾಮು
ಬಣ್ಣ ನೋಡಿ ಕೊಂಡ್ರೆ ಕೆಟ್ರಿ! ಅಮೆರಿಕದ ನಿಯೋಶ್ ಪದ್ಧತೀಲಿ ಮಾತ್ರ ಹಳದಿ ಅಂದ್ರೆ ನೀವು ಹೇಳಿದ್ದು. ಯುರೋಪಿನ ಇಎನ್ ಪದ್ಧತೀಲಿ ಹಳದಿ ಅಂದ್ರೆ ಇ, ಅಂದ್ರೆ ಸಲ್ಫರ್ ಡೈಆಕ್ಸೈಡ್ ಥರದ್ದು. ಅದನ್ನ ಹಾಕ್ಕೊಂಡು ತಿನ್ನರ್ ಹೊಡೆದ್ರೆ ದೇವರೇ ಗತಿ. ನಮ್ಮ ಕಪಾಟಿನಲ್ಲಿ ಎರಡೂ ಇವೆ, ಒಂದ್ಸಲ ಅದಲುಬದಲಾಗಿ ನಾನು ಬೈಸ್ಕೊಂಡಿದೀನಿ.

ಬಣ್ಣದ_ಗನ್
ಬಣ್ಣಕ್ಕೂ ಎರಡು ಅರ್ಥ ಇಟ್ಟಿದಾರಾ? ಯಾವ ಪುಣ್ಯಾತ್ಮರ ಕೆಲಸ ಇದು!

ಗೋದಾಮು
ಇನ್ನೂ ಕೇಳಿ. ಬಿಳಿ ನಿಯೋಶ್‌ನಲ್ಲಿ ಆಸಿಡ್ ಗ್ಯಾಸು, ಇಎನ್‌ನಲ್ಲಿ ಬರೀ ಕಣ. ಆರ್ಗ್ಯಾನಿಕ್ ಆವಿಗೆ ನಿಯೋಶ್‌ನಲ್ಲಿ ಕಪ್ಪು, ಇಎನ್‌ನಲ್ಲಿ ಕಂದು, ಅಕ್ಷರ ಎ. ಅಜೈವಿಕ ಗ್ಯಾಸಿಗೆ ಇಎನ್‌ನಲ್ಲಿ ಬೂದು, ಅಕ್ಷರ ಬಿ. ಅಮೋನಿಯಕ್ಕೆ ಮಾತ್ರ ಎರಡೂ ಕಡೆ ಹಸಿರು. ಅದೊಂದ್ರಲ್ಲಿ ಹೇಗೋ ಒಮ್ಮತ ಬಂದಿದೆ. ಇಎನ್‌ನಲ್ಲಿ ಅಕ್ಷರದ ಮುಂದೆ 1, 2, 3 ಅಂತ ಇರುತ್ತಲ್ಲ, ಅದು ಎಷ್ಟು ಹೀರಿಕೊಳ್ಳುತ್ತೆ ಅನ್ನೋ ದರ್ಜೆ. ಎ1 ಅನ್ನ 1000 ಪಿಪಿಎಂ (ಹತ್ತು ಲಕ್ಷ ಪಾಲು ಗಾಳಿಯಲ್ಲಿ ಸಾವಿರ ಪಾಲು ಆವಿ) ವರೆಗೆ, ಎ2 ಅನ್ನ 5000ವರೆಗೆ ಅಂತಾರೆ. ಅದನ್ನ ಓದಿ ಯಾರೂ 5000 ಪಿಪಿಎಂ ಒಳಗೆ ನುಗ್ಗಬೇಡಿ, ಮಾಸ್ಕಿನ ಮಿತಿ ಅದಕ್ಕಿಂತ ಮೊದ್ಲೇ ಮುಗಿದಿರುತ್ತೆ.

ರಾತ್ರಿಪಾಳಿ
ನಾನು ಬಣ್ಣಾನೂ ನೋಡಲ್ಲ, ಅಕ್ಷರಾನೂ ನೋಡಲ್ಲ. ವಾಸನೆ ಬಂತಾ, ಬದಲಿಸು. ಮೂಗಿಗಿಂತ ಮೀಟರ್ ಬೇಕಾ?

ಲ್ಯಾಬ್_ಮೇಡಂ
ಬೇಕು. ನಿಮ್ಮ ಮೂಗನ್ನ ನಂಬಬೇಡಿ ರಾತ್ರಿಪಾಳಿ ಅವ್ರೇ. ಹೈಡ್ರೋಜನ್ ಸಲ್ಫೈಡ್ ತಗೊಳ್ಳಿ, ಕೊಳೆತ ಮೊಟ್ಟೆ ವಾಸನೆ ಅಂತ ಮಕ್ಕಳಿಗೂ ಗೊತ್ತು. 100 ಪಿಪಿಎಂ ಹತ್ರ ಬಂದ್ರೆ ಮೂಗು ಸತ್ತೇಹೋಗುತ್ತೆ, ವಾಸನೆ ನಿಂತಿತು ಅಂತ ಜನ ನಿಟ್ಟುಸಿರು ಬಿಡ್ತಾರೆ. ಜೀವಕ್ಕೇ ಅಪಾಯ ಅಂತ ನಿಯೋಶ್ ಹೇಳಿರೋ ಮಟ್ಟಾನೂ ಅದೇ 100. ಕಾರ್ಬನ್ ಮಾನಾಕ್ಸೈಡಿಗಂತೂ ವಾಸನೇನೇ ಇಲ್ಲ, ಮಾಮೂಲಿ ಇದ್ದಿಲು ಅದನ್ನ ಹಿಡಿಯೋದೂ ಇಲ್ಲ.

ಬಣ್ಣದ_ಗನ್
ಪಿಯು ಪೇಂಟಿಗೆ ಬರೋಣ. ಎರಡನೇ ಡಬ್ಬಿ, ಹಾರ್ಡ್‌ನರ್, ಅದರಲ್ಲಿ ಐಸೊಸೈನೇಟ್ ಇರುತ್ತೆ. ಅದರ ವಾಸನೆ ಗೊತ್ತಾಗೋ ಹೊತ್ತಿಗೆ ಮಿತಿ ಯಾವಾಗಲೋ ದಾಟಿರುತ್ತೆ. ನನ್ನ ಜೊತೆ ಇದ್ದವನು ನಾಲ್ಕು ವರ್ಷ ಬರೀ ಎನ್95ನಲ್ಲಿ ಹೊಡೆದ. ಈಗ ಡಬ್ಬಿ ಮುಚ್ಚಳ ತೆಗೆದ್ರೆ ಸಾಕು ಎದೆ ಬಿಗಿಯುತ್ತೆ, ಇನ್ಹೇಲರ್ ಜೇಬಲ್ಲೇ ಇರುತ್ತೆ. ಒಂದ್ಸಲ ಮೈಗೆ ಆಗದೆ ಹೋದ್ರೆ ಆಮೇಲೆ ಚೂರೇಚೂರು ತಾಗಿದ್ರೂ ಉಬ್ಬಸ. ಮೊದಲು ಕಾರ್ಟ್ರಿಡ್ಜ್ ಅಂದೆ ನಿಜ, ಆದ್ರೆ ದಿನಾ ಬೂತಲ್ಲಿ ಹೊಡೆಯೋರಿಗೆ ಪೈಪಲ್ಲಿ ಶುದ್ಧ ಗಾಳಿ ಬರೋ ಹುಡ್ಡೇ ಸರಿ. ನಾನೂ ಹೋದ ವರ್ಷದಿಂದ ಅದಕ್ಕೆ ಬದಲಾದೆ.

ಗೋದಾಮು
ಈಗ ತಾನೇ "ವರ್ಷಾನುಗಟ್ಟಲೆ ಹಳದಿ ಹಾಕ್ತಿರೋದು" ಅಂದ್ರಿ?

ಬಣ್ಣದ_ಗನ್
ಸಣ್ಣ ಟಚಪ್ಪಿಗೆ ಹಳದಿ ಮಾರಾಯ್ರೆ, ಅದೂ ಹಾರ್ಡ್‌ನರ್ ಇಲ್ಲದ ಪೇಂಟಿಗೆ. ಅದರ ಹೊರಗಡೆ ಬಿಳಿ ಪ್ರಿ-ಫಿಲ್ಟರ್ ತಪ್ಪಿಸಲ್ಲ. ಅದಿಲ್ಲದಿದ್ರೆ ಪೇಂಟ್ ತುಂತುರು ಕೂತು ಇದ್ದಿಲಿನ ಬಾಯೇ ಮುಚ್ಚಿಹೋಗುತ್ತೆ.

ಹೊಸ_ಸೇಫ್ಟಿ
ತಲೆ ಗಿರ್ರಂತಿದೆ, ಆದ್ರೂ ಉಪಯೋಗ ಆಗ್ತಿದೆ. ಮೇಡಂ, ತಿನ್ನರಿನ ಎಸ್‌ಡಿಎಸ್ (ಕಂಪನಿ ಕೊಡೋ ಸುರಕ್ಷತಾ ಮಾಹಿತಿ ಪತ್ರ) ಹುಡುಕಿ ತೆಗೆದೆ. ಟಾಲ್ವಿನ್, ಕ್ಸೈಲೀನ್, ಅಸಿಟೋನ್ ಅಂತ ಇದೆ. 8ನೇ ಭಾಗದಲ್ಲಿ "ಸೂಕ್ತ ಉಸಿರಾಟ ರಕ್ಷಣೆ ಬಳಸಿ" ಅಂತ ಒಂದೇ ಸಾಲು. ಸೂಕ್ತ ಯಾವುದು ಅಂತಾನೇ ಅಲ್ವಾ ನಾನು ಕೇಳ್ತಿರೋದು!

ಲ್ಯಾಬ್_ಮೇಡಂ
ಹಾಗೇ ಬರೆಯೋದು ಅವ್ರು, ಬೇಜಾರು ಮಾಡ್ಕೋಬೇಡಿ. 9ನೇ ಭಾಗಕ್ಕೆ ಹೋಗಿ, ಕುದಿಯುವ ಬಿಂದು ನೋಡಿ. ಟಾಲ್ವಿನ್ ಸುಮಾರು 111 ಡಿಗ್ರಿ, ಕ್ಸೈಲೀನ್ ಇನ್ನೂ ಮೇಲೆ. ಇವೆರಡೂ ಇದ್ದಿಲಲ್ಲಿ ಚೆನ್ನಾಗಿ ಕೂರ್ತವೆ. ಅಸಿಟೋನ್ 56 ಡಿಗ್ರಿಗೇ ಕುದಿಯುತ್ತೆ, ಅದು ನಿಲ್ಲೋ ಜಾತಿ ಅಲ್ಲ. 65 ಡಿಗ್ರಿಗಿಂತ ಕೆಳಗೆ ಕುದಿಯೋದಕ್ಕೆ ಇಎನ್‌ನಲ್ಲಿ ಎಎಕ್ಸ್ ಅಂತ ಬೇರೆ ಫಿಲ್ಟರೇ ಇದೆ, ಒಂದೇ ಸಲ ಬಳಸಿ ಎಸೀಬೇಕು. ಇನ್ನೊಂದು ತರಲೆ ಅಂದ್ರೆ, ಮೂರೂ ಬೆರೆತಾಗ ಭಾರದ ಟಾಲ್ವಿನ್, ಕ್ಸೈಲೀನ್ ಬಂದು ಮೊದ್ಲೇ ಕೂತಿದ್ದ ಅಸಿಟೋನನ್ನ ಎಬ್ಬಿಸಿ ಆಚೆ ದಬ್ತವೆ. ಆಚೆ ಅಂದ್ರೆ ನಿಮ್ಮ ಮೂಗಿನ ಕಡೆಗೆ. ಬೇರೆ ತಿನ್ನರ್ ಸಿಗುತ್ತಾ ಅಂತ ಮೊದಲು ನೋಡಿ.

ಕಾರ್ಟ್ರಿಡ್ಜ್ ಎಷ್ಟು ಹೊತ್ತು ಬಾಳುತ್ತೆ ಅಂತಾನೂ ಕೇಳೇ ಕೇಳ್ತೀರ. ಬಾಯಿಲೆಕ್ಕ ಒಂದಿದೆ. ಕುದಿಯುವ ಬಿಂದು 70 ಡಿಗ್ರಿಗಿಂತ ಮೇಲಿದ್ದು, ಗಾಳಿಯಲ್ಲಿ 200 ಪಿಪಿಎಂಗಿಂತ ಕಡಿಮೆ ಇದ್ರೆ, ಸಾಧಾರಣ ಕೆಲಸಕ್ಕೆ ಸುಮಾರು 8 ಗಂಟೆ. ಆವಿ ಹತ್ತರಲ್ಲೊಂದು ಪಾಲಾದ್ರೆ ಆಯಸ್ಸು ಹತ್ತು ಪಟ್ಟಲ್ಲ, ಐದೇ ಪಟ್ಟು. ತೇವಾಂಶ 85 ಶೇಕಡಾ ದಾಟಿದ್ರೆ ಅರ್ಧಕ್ಕೆ ಇಳಿಯುತ್ತೆ, ಯಾಕಂದ್ರೆ ಇದ್ದಿಲಲ್ಲಿ ನೀರೇ ಹೋಗಿ ಜಾಗ ಹಿಡಿದಿರುತ್ತೆ. ಮೈಮುರಿದು ದುಡಿದು ಎರಡರಷ್ಟು ಉಸಿರೆಳೆದ್ರೆ ಮತ್ತೂ ಅರ್ಧ. ಇದು ಅಂದಾಜಷ್ಟೇ. ಮಾಸ್ಕ್ ಕಂಪನಿಯವ್ರ ಹತ್ರ ಲೆಕ್ಕ ಹಾಕೋ ಸಾಫ್ಟ್‌ವೇರ್ ಇರುತ್ತೆ, ಅದರಿಂದ ವೇಳಾಪಟ್ಟಿ ಮಾಡ್ಕೊಳ್ಳಿ. ಕಣದ ಫಿಲ್ಟರಿಗೆ ಈ ಕಷ್ಟ ಇಲ್ಲ. ಉಸಿರೆಳೆಯೋಕೆ ಬಿಗಿಯಾಯ್ತು, ಹರೀತು, ಕೊಳೆಯಾಯ್ತು ಅಂದ್ರೆ ಬದಲಿಸಿ.

ಕಬ್ಬಿಣದ_ಕೈ
ನಾಲ್ಕನೇ ಕೆಲಸದ ಬಗ್ಗೆ ಯಾಕೆ ಯಾರೂ ಬಾಯಿ ಬಿಡ್ತಿಲ್ಲ? ಟ್ಯಾಂಕಿನೊಳಗೆ ಇಳಿದು ತಿನ್ನರ್ ಒರೆಸೋದು!

ಗರಗಸ
ಅದನ್ನೇ ಬರೆಯೋಕೆ ಬಂದೆ. ಹೊಸ_ಸೇಫ್ಟಿ, ಆ ಕೆಲಸ ಇವತ್ತೇ ನಿಲ್ಲಿಸಿ. ಕಪ್ಪು, ಕಂದು, ನೇರಳೆ ಯಾವ ಫಿಲ್ಟರೂ ಆಮ್ಲಜನಕ ಹುಟ್ಟಿಸಲ್ಲ, ಇರೋ ಗಾಳಿಯನ್ನ ಸೋಸುತ್ತೆ ಅಷ್ಟೆ. ಮಾಮೂಲಿ ಗಾಳಿಯಲ್ಲಿ ಆಮ್ಲಜನಕ 20.9 ಶೇಕಡಾ. 19.5ಕ್ಕಿಂತ ಇಳಿದ್ರೆ ಫಿಲ್ಟರ್ ಮಾಸ್ಕ್ ಹಾಕ್ಕೊಂಡು ಒಳಗೆ ಹೋಗೋ ಹಾಗೇ ಇಲ್ಲ. ಮುಚ್ಚಿದ ಟ್ಯಾಂಕಲ್ಲಿ ಎಷ್ಟಿದೆ ಅಂತ ಮೀಟರ್ ಬಿಡದೆ ಹೇಗೆ ಹೇಳ್ತೀರಿ? ತಿನ್ನರ್ ಆವಿ ಗಾಳಿಗಿಂತ ಭಾರ, ತಳದಲ್ಲೇ ಕೂತಿರುತ್ತೆ. ಒಂದು ಕಿಡಿ ಸಾಕು.

ಒಬ್ಬ ಬಿದ್ರೆ ಎತ್ತೋಕೆ ಇನ್ನೊಬ್ಬ ಇಳೀತಾನೆ, ಅವನೂ ಬೀಳ್ತಾನೆ. ಅದನ್ನ ನಾನು ಕಣ್ಣಾರೆ ಕಂಡಿದೀನಿ. ಅವತ್ತು ಎರಡನೆಯವನ ಕೊರಳಲ್ಲಿ ಹೊಚ್ಚ ಹೊಸ ಕಾರ್ಟ್ರಿಡ್ಜ್ ಮಾಸ್ಕ್ ಇತ್ತು. ಇಬ್ಬರೂ ಬದುಕಿದ್ರು, ಅದು ಅವರ ಅದೃಷ್ಟ. ಇದಕ್ಕಿಂತ ಹೆಚ್ಚು ಬರೆಯಲ್ಲ.

ಲ್ಯಾಬ್_ಮೇಡಂ
ಗರಗಸ ಅವ್ರ ಮಾತಿಗೆ ಒಂದು ಲೆಕ್ಕ ಸೇರಿಸ್ತೀನಿ. ಅರ್ಧ ಮುಖದ ಮಾಸ್ಕಿಗೆ ಓಶಾ (ಅಮೆರಿಕದ ಕೆಲಸಗಾರರ ಸುರಕ್ಷತಾ ಇಲಾಖೆ) ಕೊಟ್ಟಿರೋ ರಕ್ಷಣೆ ಅಂಕ 10, ಪೂರ್ತಿ ಮುಖದ್ದಕ್ಕೆ 50. ಅಂದ್ರೆ ಮಿತಿಯ ಹತ್ತು ಪಟ್ಟು, ಐವತ್ತು ಪಟ್ಟು ಇರೋ ಕಡೆಯವರೆಗೆ. ಟಾಲ್ವಿನಿಗೆ ನಿಯೋಶ್ ಮಿತಿ 100 ಪಿಪಿಎಂ. ಅರ್ಧ ಮಾಸ್ಕಲ್ಲಿ 1000 ಪಿಪಿಎಂಗೆ ಹೋಗಬಹುದು ಅಂತ ಅನ್ಸುತ್ತೆ ಅಲ್ವಾ? ಹೋಗೋ ಹಾಗಿಲ್ಲ. ಟಾಲ್ವಿನ್ 500 ಪಿಪಿಎಂಗೇ ಜೀವಕ್ಕೆ ಅಪಾಯ ಅಂತ ಗೆರೆ ಎಳೆದಿದಾರೆ. ಅದರ ಮೇಲೆ ಸಿಲಿಂಡರ್ ಬೆನ್ನಿಗೆ ಕಟ್ಟೋ ಸೆಟ್ಟು, ಇಲ್ಲ ತುರ್ತು ಬಾಟ್ಲಿ ಜೊತೆಗಿರೋ ಗಾಳಿ ಪೈಪು. ಬೇರೆ ದಾರಿ ಇಲ್ಲ.

ಹಳೇಪುಸ್ತಕ
ಮೇಡಂ ಕಾರ್ಬನ್ ಮಾನಾಕ್ಸೈಡಿಗೆ ಇದ್ದಿಲು ಆಗಲ್ಲ ಅಂದ್ರಲ್ಲ, ಅದಕ್ಕೆ ಬೇರೆ ವಸ್ತು ಇದೆ. ಹೋಪ್‌ಕಲೈಟ್ ಅಂತ, ಮ್ಯಾಂಗನೀಸ್ ಮತ್ತು ತಾಮ್ರದ ಆಕ್ಸೈಡುಗಳ ಮಿಶ್ರಣ. ಮೊದಲ ಮಹಾಯುದ್ಧದ ಹೊತ್ತಿಗೆ ಕಂಡುಹಿಡಿದದ್ದು. ಜಾನ್ಸ್ ಹಾಪ್‌ಕಿನ್ಸ್ ಮತ್ತು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯಗಳ ಹೆಸರು ಕೂಡಿಸಿ ಹಾಪ್-ಕಲ್-ಐಟ್. ಗ್ಯಾಸನ್ನ ಹೀರಲ್ಲ, ಕಾರ್ಬನ್ ಡೈಆಕ್ಸೈಡ್ ಆಗಿ ಮಾರ್ಪಡಿಸುತ್ತೆ. ತೇವ ತಾಗಿದ್ರೆ ಕೆಲಸ ಕೆಡುತ್ತೆ. ಇನ್ನು ಇದ್ದಿಲಿನ ಮಾಸ್ಕು 1915ರಲ್ಲಿ ರಷ್ಯಾದ ಝೆಲಿನ್‌ಸ್ಕಿ...

ರಾತ್ರಿಪಾಳಿ
ಸ್ವಾಮಿ, ಅವರ ಟ್ಯಾಂಕಲ್ಲಿ ಜನ ಇಳೀತಿದಾರೆ, ನೀವು ರಷ್ಯಾಗೆ ಹೊರಟ್ರಿ.

ಹಳೇಪುಸ್ತಕ
ಸರಿ ಸರಿ, ನಿಲ್ಲಿಸಿದೆ.

ಸುಮ್ನೆ_ಓದ್ತೀನಿ
ನಮ್ಮ ಕಡೆ ಒಬ್ರು ಎನ್95ಗೆ ದಿನಾ ಸಂಜೆ ಸ್ಯಾನಿಟೈಸರ್ ಹೊಡೆದು ಒಣಗಿಸಿ ಮರುದಿನ ಹಾಕ್ತಾರೆ. ಪರವಾಗಿಲ್ವಾ?

ಗೋದಾಮು
ಆಲ್ಕೋಹಾಲ್ ತಾಗಿದ್ರೆ ನಾರಿನ ಚಾರ್ಜ್ ಹೋಯ್ತು. ನೋಡೋಕೆ ಹೊಸದರ ಹಾಗೇ ಇರುತ್ತೆ, ಒಳಗೆ ಬರೀ ಬಟ್ಟೆ.

ಹೊಸ_ಸೇಫ್ಟಿ
ಟ್ಯಾಂಕ್ ಕೆಲಸಕ್ಕೆ ಬೀಗ ಹಾಕಿದೆ. ಮ್ಯಾನೇಜರ್ ಮುಖ ಸಿಂಡರಿಸಿದ್ರು, 19.5ರ ಲೆಕ್ಕ ಹೇಳಿದ ಮೇಲೆ ಸುಮ್ಮನಾದ್ರು. ಹೊರಗಿನಿಂದ ಉದ್ದ ಕೋಲಿನ ಬ್ರಷ್ಷು, ನೀರಿನ ಜೆಟ್ಟು ಪ್ರಯತ್ನ ಮಾಡ್ತಿದೀವಿ. ಪಿಯು ಸ್ಪ್ರೇ ಸದ್ಯಕ್ಕೆ ನಿಲ್ಲಿಸಿ ಗಾಳಿ ಹುಡ್ಡಿಗೆ ಕೊಟೇಶನ್ ಕೇಳಿದೀನಿ.

ಇನ್ನೊಂದು ವಿಷಯ. ವೆಲ್ಡರ್‌ಗಳ ಹಳೇ ಮಾಸ್ಕ್ ಎಲ್ಲಾ ಟೇಬಲ್ ಮೇಲೆ ಮಗುಚಿ ನೋಡಿದೆ. ಐದರಲ್ಲಿ ಮೂರಕ್ಕೆ ಒಳಗಡೆ ಮೂಗಿನ ಎರಡೂ ಬದಿ ಬೂದು ಗೆರೆ, ಪೆನ್ಸಿಲ್‌ನಲ್ಲಿ ಎಳೆದ ಹಾಗೆ. ಒಂದಕ್ಕೆ ದವಡೆ ಉದ್ದಕ್ಕೂ ಇದೆ. ಅದು ಗಡ್ಡ ಬಿಟ್ಟವನದ್ದು.

ಕಬ್ಬಿಣದ_ಕೈ
ಆ ಗೆರೆ ಹೊಗೆ ನುಗ್ಗಿದ ದಾರಿ ಕಣಪ್ಪ. ಫಿಲ್ಟರ್ ಎಷ್ಟೇ ಚೆನ್ನಾಗಿರಲಿ, ಗಾಳಿ ಸುಲಭದ ಸಂದಿ ಹುಡುಕುತ್ತೆ. ಮೂಗಿನ ಪಟ್ಟಿಯನ್ನ ಒಂದು ಕೈಯಲ್ಲಿ ಚಿವುಟಬಾರದು, ಎರಡೂ ಕೈ ಬೆರಳಿಂದ ಒತ್ತಿ ಕೂರಿಸಬೇಕು. ಮೇಲಿನ ಪಟ್ಟಿ ನೆತ್ತಿ ಹಿಂದೆ, ಕೆಳಗಿನದು ಕತ್ತಿನ ಹಿಂದೆ. ನಮ್ಮ ಹುಡುಗ್ರು ಎರಡನ್ನೂ ಕತ್ತಿಗೇ ಹಾಕ್ತಿದ್ರು, ಇಲ್ಲ ಕೆಳಗಿನದನ್ನ ಕತ್ತರಿಸೇ ಬಿಡ್ತಿದ್ರು.

ಲ್ಯಾಬ್_ಮೇಡಂ
ಫಿಟ್ ಟೆಸ್ಟ್ ಮಾಡಿಸಿ. ಮಾಸ್ಕ್ ಹಾಕಿಸಿ, ತಲೆ ಮೇಲೆ ಪಾರದರ್ಶಕ ಚೀಲ ಇಳಿಸಿ, ಒಳಗೆ ಸ್ಯಾಕರಿನ್ ದ್ರಾವಣ ಸ್ಪ್ರೇ ಮಾಡ್ತಾರೆ. ತಲೆ ಆಡಿಸು, ಮಾತಾಡು, ಬಗ್ಗು ಅಂತಾರೆ. ನಾಲಿಗೆಗೆ ಸಿಹಿ ಬಂತು ಅಂದ್ರೆ ಆ ಮಾಸ್ಕ್ ಆ ಮುಖಕ್ಕಲ್ಲ. ಮುಖ ಬೇರೆ ಬೇರೆ, ಒಂದೇ ಸೈಜು ಎಲ್ರಿಗೂ ಹೊಂದಲ್ಲ.

ಹೊಸ_ಸೇಫ್ಟಿ
ಗಡ್ಡದವನು ಒಪ್ತಿಲ್ಲ. ಹರಕೆ ಅಲ್ಲ ಏನಲ್ಲ, "ಬಿಡಲ್ಲ ಸರ್" ಅಷ್ಟೆ.

ಬಣ್ಣದ_ಗನ್
ಅವನಿಗೆ ಫ್ಯಾನ್ ಇರೋ ವೆಲ್ಡಿಂಗ್ ಹೆಲ್ಮೆಟ್ ಕೊಡಿ, ಸಡಿಲ ಹುಡ್ಡಿಂದು. ಸೊಂಟಕ್ಕೆ ಕಟ್ಟಿದ ಮೋಟರ್ ಫಿಲ್ಟರ್ ಮೂಲಕ ಗಾಳಿ ಊದುತ್ತೆ, ಮುಖಕ್ಕೆ ಸೀಲ್ ಬೇಡ. ರಕ್ಷಣೆ ಅಂಕ 25, ಅರ್ಧ ಮಾಸ್ಕಿಗಿಂತ ಮೇಲೇನೇ. ಸೆಕೆಗೂ ಆರಾಮ. ಒಬ್ಬನಿಗೆ ಕೊಟ್ರೆ ಉಳಿದ ನಾಲ್ವರೂ ಗಡ್ಡ ಬಿಡ್ತಾರೆ, ಅದು ನಿಮ್ಮ ಹಣೆಬರಹ.

ಹೊಸ_ಸೇಫ್ಟಿ
😂 ಕೊನೇ ಪ್ರಶ್ನೆ. ಪ್ರೈಮರ್ ಹೊಡೆಯೋ ಹುಡುಗನಿಗೆ ಕಪ್ಪು ಕಾರ್ಟ್ರಿಡ್ಜ್ ಕೊಟ್ಟಿದ್ದೆ. ಶನಿವಾರ ಒಂದೂ ವಾಸನೆ ಇಲ್ಲ. ಸೋಮವಾರ ಬೆಳಗ್ಗೆ ಹಾಕಿದ ತಕ್ಷಣ ವಾಸನೆ, ಕೆಲಸ ಇನ್ನೂ ಶುರುನೇ ಮಾಡಿಲ್ಲ. ಕಪಾಟಲ್ಲಿ ಸುಮ್ನೆ ಕೂತಿದ್ದದ್ದು ಹೇಗೆ ಕೆಡುತ್ತೆ?

ಲ್ಯಾಬ್_ಮೇಡಂ
ಇದ್ದಿಲಿಗೆ ಅಂಟಿದ ಆವಿ ಅಲ್ಲೇ ಕೂತಿರಲ್ಲ. ಎರಡು ದಿನ ಬಿಟ್ರೆ ಒಳಗೊಳಗೇ ನಿಧಾನ ಸರಿದು ಮೂಗಿನ ಕಡೆಯ ಪದರಕ್ಕೆ ಬಂದಿರುತ್ತೆ. ಬೇಗ ಆರೋ ದ್ರಾವಕದಲ್ಲಿ ಇದು ಜಾಸ್ತಿ. ಅಂಥಾ ಕಡೆ ಪಾಳಿ ಮುಗಿದ ಮೇಲೆ ಎಸೆಯೋದೇ ಸರಿ. ಮತ್ತೆ ಬಳಸೋದಾದ್ರೆ ಗಾಳಿಯಾಡದ ಚೀಲದಲ್ಲಿ ಹಾಕಿ, ಮೇಲೆ ತೆರೆದ ದಿನಾಂಕ, ಓಡಿದ ಗಂಟೆ ಬರೆದಿಡಿ. ಅವನು ಎಲ್ಲಿಟ್ಟಿದ್ದ?

ಹೊಸ_ಸೇಫ್ಟಿ
...ತಿನ್ನರ್ ಡಬ್ಬಿ ಇಡೋ ಕಪಾಟಲ್ಲಿ.

ರಾತ್ರಿಪಾಳಿ
ಎರಡು ದಿನ ಪೂರ್ತಿ ಓವರ್‌ಟೈಮ್ ಮಾಡಿದೆ ಪಾಪ, ಆ ಕಾರ್ಟ್ರಿಡ್ಜು.

ಹೊಸ_ಸೇಫ್ಟಿ
ಕಪಾಟು ಬದಲಿಸಿದೆ, ಹೊಸ ಜೋಡಿ ಕೊಟ್ಟೆ. ಅಂದಹಾಗೆ ಗಡ್ಡದವನು ಇವತ್ತು ಬೆಳಗ್ಗೆ ಬೋಳಿಸ್ಕೊಂಡು ಬಂದ! ಫಿಟ್ ಟೆಸ್ಟಲ್ಲಿ ಪಕ್ಕದವನು "ಸಿಹಿ ಬಂತು" ಅಂದಾಗ ಎಲ್ರೂ ನಕ್ಕಿದ್ದು ನೋಡಿ ಹೆದರಿರಬೇಕು. ಮೀಸೆ ಮಾತ್ರ ಉಳಿಸ್ಕೊಂಡಿದಾನೆ. ಮೀಸೆ ಇದ್ರೆ ನಡೆಯುತ್ತಾ?

ಕಬ್ಬಿಣದ_ಕೈ
ಸೀಲಿನ ಅಂಚಿಗೆ, ಕವಾಟಕ್ಕೆ ತಾಗದಿದ್ರೆ ನಡೆಯುತ್ತೆ. ತುದಿ ತಿರುವಿದ್ದಾನಾ?

ಹೊಸ_ಸೇಫ್ಟಿ
ತಿರುವಿದ್ದಾನೆ.

ಕಬ್ಬಿಣದ_ಕೈ
ಕತ್ತರಿ ಕೊಟ್ಟು ಕಳಿಸಿ.